ಬೈತಲೆಯ ಹಸಿರು

ತಲೆಗೆ ಬಣ್ಣ ಹಚ್ಚುವ ಕೆಲಸ ನಮ್ಮ ಮನೆಗಳಲ್ಲಿ ಶುರುವಾಗುವುದೇ ಸಮಾರಂಭ ಕಣ್ಣೆದುರಿಗೆ ಬಂದು ನಿಂತಾಗ. ಸೀರೆಗೆ ಫಾಲ್ ಹೊಲಿಸುವುದಕ್ಕೆ, ಬಳೆ ತರುವುದಕ್ಕೆ, ಹೂವಿನವರಿಗೆ ಮುಂಗಡ ಕೊಡುವುದಕ್ಕೆ ದಿನ ಗೊತ್ತುಮಾಡಿಕೊಳ್ಳುವ ಹೆಂಗಸು ತನ್ನ ನರೆಗೂದಲಿನ ವಿಷಯವನ್ನು ಮಾತ್ರ ಯಾರ ಬಳಿಯೂ ಎತ್ತುವುದಿಲ್ಲ. ಎಲ್ಲರ ಊಟವಾಗಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿದ ಮೇಲೆ ಬಚ್ಚಲುಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೂರುತ್ತಾಳೆ. ಅಲ್ಲಿರುವುದು ಮಂಕು ದೀಪ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಚಿಕ್ಕ ಕನ್ನಡಿ. ಬಣ್ಣ ತಾಗೀತೆಂದು ಕನ್ನಡಕವನ್ನು ಮೊದಲೇ ತೆಗೆದಿಟ್ಟಾಗಿದೆ. ಹಿಂದಲೆಗೆ ಕೈ ಎಟುಕುವುದಿಲ್ಲ. ಎಟುಕಿದರೂ ಅಲ್ಲಿ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಪೊಟ್ಟಣದ ಸೂಚನೆಯ ಅಕ್ಷರಗಳು ಸಾಸಿವೆ ಕಾಳಿಗಿಂತ ಸಣ್ಣವು. ಅವನ್ನು ಓದಬೇಕಾದ ವಯಸ್ಸಿನವರಿಗೆ ಓದಲಾಗುವುದಿಲ್ಲ ಎಂಬುದನ್ನು ಅಚ್ಚು ಹಾಕಿಸುವವರು ಯೋಚಿಸಬೇಕಿತ್ತು.

ಮೈಸೂರಿನಲ್ಲಿರುವ ನಮ್ಮಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಒಂದು ವರ್ಷ ಬೇಸಿಗೆಯಲ್ಲಿ ಅವಳ ಮಗಳ ನಿಶ್ಚಿತಾರ್ಥವಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದರ ಬೆನ್ನಿಗೇ ಮೌಲ್ಯಮಾಪನ ಎಂದು ತಿಂಗಳುಗಟ್ಟಲೆ ತಲೆಗೆ ಮದರಂಗಿ ಹಚ್ಚಿಕೊಳ್ಳಲು ಅವಳಿಗೆ ಬಿಡುವೇ ಆಗಿರಲಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಎರಡು ಬೆರಳಗಲ ಅಚ್ಚಬಿಳುಪು, ಅದರ ಕೆಳಗೆ ಹಳೆಯ ಮದರಂಗಿಯ ಕೆಂಪು. ಬೀಗರಾಗುವವರು ಮೊದಲ ಬಾರಿಗೆ ಮನೆಗೆ ಬರುತ್ತಿದ್ದರು. ಮದರಂಗಿಯ ಮೇಲೆ ನೀಲಿ ಗಿಡದ ಎಲೆಯ ಪುಡಿ ಹಚ್ಚಿದರೆ ಕೂದಲು ಕಪ್ಪಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅಕ್ಕ ದೇವರಾಜ ಮಾರುಕಟ್ಟೆಯ ಹತ್ತಿರದ ಗ್ರಂಧಿಗೆ ಅಂಗಡಿಯಿಂದ ಎರಡೂ ಪುಡಿ ತಂದಿಟ್ಟಿದ್ದಳು. ಶುಕ್ರವಾರ ರಾತ್ರಿ ಅದಕ್ಕೆಂದು ಕೂತಾಗ ಹತ್ತು ಗಂಟೆ ದಾಟಿತ್ತು. ಮದರಂಗಿಯನ್ನು ನೆನೆಸಬೇಕು, ಹಚ್ಚಿಕೊಂಡು ಗಂಟೆಗಟ್ಟಲೆ ಕಾಯಬೇಕು. ಕೂದಲು ಹೇಗೂ ಕೆಂಪಗಿದೆಯಲ್ಲ, ನೀಲಿಯೊಂದನ್ನೇ ಹಚ್ಚಿದರಾಯಿತು ಎಂದುಕೊಂಡು ಹಚ್ಚಿಕೊಂಡಳು.

ಶನಿವಾರ ಬೆಳಿಗ್ಗೆ ನಾನು ಹೋಗಿ ಇಳಿದಾಗ ಅವಳು ತಲೆಗೆ ಟವೆಲ್ ಸುತ್ತಿಕೊಂಡೇ ಒಲೆಯ ಮುಂದೆ ನಿಂತಿದ್ದಳು. ಮಾತಾಡದೆ ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ ಟವೆಲ್ ಬಿಚ್ಚಿದಳು. ಜಡೆಯ ಉದ್ದಕ್ಕೂ ಒಳ್ಳೆಯ ಕಪ್ಪು ಬಂದಿತ್ತು. ಬುಡದಲ್ಲಿ ಮಾತ್ರ, ಬೈತಲೆಯ ಎರಡೂ ಪಕ್ಕ, ಹಣೆಯಂಚಿನಲ್ಲಿ, ಕಿವಿಯ ಮೇಲಿನ ಕುರುಳುಗಳಲ್ಲಿ ಕೂದಲು ಹಸಿರಿಗೆ ತಿರುಗಿತ್ತು. ಕೊಳದ ಪಾಚಿಯ ಹಸಿರಲ್ಲ. ಬೂದಿ ಬೆರೆತ, ನೀಲಿ ಇಣುಕುವ ಒಂದು ಹಸಿರು. ದಿನವೂ ಕುಂಕುಮ ಇಟ್ಟುಕೊಳ್ಳುವ ಬೈತಲೆ ಅದು. ಅಕ್ಕನ ಕಣ್ಣು ರಾತ್ರಿಯೆಲ್ಲ ಅತ್ತು ಊದಿಕೊಂಡಿದ್ದವು. ಮಗಳು ತನ್ನಿಂದಲೇ ಹೀಗಾಯಿತೇನೋ ಎಂಬಂತೆ ಬಾಗಿಲಲ್ಲಿ ನಿಂತಿದ್ದಳು.

ನರೆ ಮುಚ್ಚಿಕೊಳ್ಳುವ ಆಸೆಯನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ವಯಸ್ಸಾದ ಮೇಲೆ ಇದೆಲ್ಲ ಏಕೆ ಎನ್ನುವವರು, ವಯಸ್ಸಾದವರನ್ನು ನಮ್ಮ ಊರುಗಳು ಹೇಗೆ ನೋಡುತ್ತವೆ ಎಂಬುದನ್ನು ಮರೆತಿರುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಅಜ್ಜಿ ಎಂದು ಕರೆದ ಮೊದಲ ದಿನ ಎಷ್ಟೋ ಹೆಂಗಸರಿಗೆ ನೆನಪಿದೆ. ಕೆಲಸದ ಜಾಗದಲ್ಲಿ ಸುಸ್ತಾಗಿದ್ದೀರಾ ಎಂಬ ಪ್ರಶ್ನೆ ನರೆಯ ಜೊತೆಗೇ ಬರುತ್ತದೆ. ಗಂಡಸರಿಗೂ ಇದು ತಪ್ಪಿದ್ದಲ್ಲ. ಕೆಲಸ ಹುಡುಕುವ ಐವತ್ತರ ಗಂಡಸು ಮೊದಲು ಹೋಗುವುದು ಕ್ಷೌರದಂಗಡಿಗೆ. ಅಕ್ಕನಿಗೆ ಎಳೆಯಳಾಗಿ ಕಾಣಬೇಕೆಂಬ ಹಂಬಲವೇನೂ ಇರಲಿಲ್ಲ. ಮಗಳ ಜೀವನದ ಒಂದು ದೊಡ್ಡ ದಿನ ಅಚ್ಚುಕಟ್ಟಾಗಿ ಕಾಣಬೇಕು ಎಂದಷ್ಟೇ ಇತ್ತು. ಅಂಥ ಆಸೆ ಕೆಟ್ಟುಹೋದಾಗ ಮನೆಯವರು ಮೊದಲು ಮಾಡಬೇಕಾದದ್ದು ನಗದಿರುವುದು. ನಮ್ಮ ಭಾವ ಆ ಬೆಳಿಗ್ಗೆ ನಗಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಬಿಸಿ ಕಾಫಿ ತಂದು ಅಕ್ಕನ ಕೈಗೆ ಕೊಟ್ಟು, ಏನು ತರಬೇಕು ಹೇಳು ಎಂದರು. ಅದಕ್ಕಾಗಿ ಅವರ ಮೇಲೆ ನನಗಿದ್ದ ಗೌರವ ಇನ್ನಷ್ಟು ಹೆಚ್ಚಿತು.

ಅಕ್ಕ ಹೇಳಿದ್ದು ಕಪ್ಪು ಡೈ. ಮೂಲೆಯ ಅಂಗಡಿಯಲ್ಲಿ ಸಿಗುವ ಸಣ್ಣ ಪೊಟ್ಟಣ; ಹಚ್ಚಿ ಅರ್ಧ ಗಂಟೆಗೆ ಎಲ್ಲ ಕಪ್ಪು. ಭಾವ ಚಪ್ಪಲಿ ಮೆಟ್ಟಿಯೂ ಆಗಿತ್ತು. ಬೇಡ ಎಂದು ನಾನು ಅವರನ್ನು ಬಾಗಿಲಲ್ಲೇ ತಡೆದೆ. ತಡೆಯಲು ನನಗೆ ಕಾರಣವಿತ್ತು, ಆ ಕಾರಣ ಅಕ್ಕನಿಗೂ ಗೊತ್ತಿತ್ತು; ಗಾಬರಿಯಲ್ಲಿ ಮರೆತಿದ್ದಳು.

ಕೆಲವು ವರ್ಷಗಳ ಹಿಂದೆ ಕಪ್ಪು ಮೆಹಂದಿ ಎಂದು ಮಾರುವ ಪುಡಿಯೊಂದನ್ನು ಅವಳು ಹಚ್ಚಿಕೊಂಡಿದ್ದಳು. ಪೊಟ್ಟಣದ ಮೇಲೆ ಎಲೆಯ ಚಿತ್ರವಿತ್ತು. ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಕಿವಿಯ ಹಿಂದೆ, ಕತ್ತಿನ ಮೇಲೆ ತುರಿಕೆ ಶುರುವಾಗಿ ಚರ್ಮ ಕೆಂಪಾಗಿ ನೀರು ಜಿನುಗಿತು. ಮದರಂಗಿ ಯಾವತ್ತೂ ಕಪ್ಪು ಬಣ್ಣ ಕೊಡುವುದಿಲ್ಲ ಎಂದು ಆಗ ಚರ್ಮರೋಗದ ಡಾಕ್ಟರು ತಿಳಿಸಿ ಹೇಳಿದ್ದರು. ಅದರಲ್ಲಿರುವ ಲಾಸೋನ್ ಎಂಬ ಅಂಶ ಕೂದಲಿನ ಕೆರಾಟಿನ್‌ಗೆ ಅಂಟಿಕೊಂಡು ಕೊಡುವುದು ಕೆಂಪು, ಕಿತ್ತಳೆ ಅಷ್ಟೇ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಮದರಂಗಿಗೆ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅಲ್ಲಿಯ ಅತ್ಯುತ್ತಮ ಎಲೆಯಿಂದಲೂ ಕಪ್ಪು ಹೊರಡದು. ಅರ್ಧ ಗಂಟೆಯಲ್ಲಿ ಕಪ್ಪಾಗುವ ಮೆಹಂದಿಯಲ್ಲಿ ಸಾಮಾನ್ಯವಾಗಿ ಬೆರೆತಿರುವುದು ಪ್ಯಾರಾ ಫಿನೈಲೀನ್ ಡೈಅಮೀನ್. ಡಾಕ್ಟರುಗಳು ಪಿಪಿಡಿ ಎನ್ನುತ್ತಾರೆ. ಡಬ್ಬಿಗಳಲ್ಲಿ ಬರುವ ಬಹುಪಾಲು ಕಪ್ಪು ಡೈಗಳಲ್ಲೂ ಇರುವುದು ಅದು ಅಥವಾ ಅದರ ದಾಯಾದಿಗಳು.

ಪಿಪಿಡಿ ಕೆಲಸ ಮಾಡುವ ರೀತಿ ಬಲ್ಲವರಿಗೆ ಅದರ ಮೇಲೆ ಅಚ್ಚರಿಯೂ ಬರುತ್ತದೆ, ಭಯವೂ ಬರುತ್ತದೆ. ಕೂದಲಿನ ಎಳೆಯ ಮೇಲ್ಪದರ ಮಂಗಳೂರು ಹೆಂಚು ಹೊದಿಸಿದ ಮಾಡಿನ ಹಾಗೆ ಒಂದರ ಮೇಲೊಂದು ಒರಗಿದ ಪೊರೆಗಳಿಂದಾಗಿದೆ. ಡೈಯಲ್ಲಿರುವ ಅಮೋನಿಯಾ ಈ ಪೊರೆಗಳನ್ನು ಎತ್ತುತ್ತದೆ. ಆ ಸಂದಿಯಲ್ಲಿ ಪಿಪಿಡಿಯ ಸಣ್ಣ ಅಣುಗಳು ಒಳಗೆ ನುಗ್ಗುತ್ತವೆ. ಹೈಡ್ರೋಜನ್ ಪೆರಾಕ್ಸೈಡಿನ ಜೊತೆ ಕೂಡಿ ಅವು ಒಂದಕ್ಕೊಂದು ಹೆಣೆದುಕೊಂಡು ದೊಡ್ಡವಾಗುತ್ತವೆ. ಬಂದ ದಾರಿಯಲ್ಲಿ ಹೊರಗೆ ಹೋಗಲಾರವು. ಎಷ್ಟು ತೊಳೆದರೂ ಡೈ ಬಿಡದಿರುವುದು ಇದಕ್ಕೇ. ಇಷ್ಟು ಸಣ್ಣ ಅಣು ಕೂದಲೊಳಗೆ ಹೋದಷ್ಟೇ ಸಲೀಸಾಗಿ ನೆತ್ತಿಯ ಚರ್ಮದೊಳಗೂ ಇಳಿಯುತ್ತದೆ. ಅಲ್ಲಿ ದೇಹ ಅದನ್ನು ಶತ್ರು ಎಂದು ಒಮ್ಮೆ ಗುರುತಿಟ್ಟುಕೊಂಡರೆ ಆ ಗುರುತು ಸಾಮಾನ್ಯವಾಗಿ ಜೀವಮಾನವಿಡೀ ಅಳಿಯುವುದಿಲ್ಲ. ಮುಂದಿನ ಸಲ ಉರಿ ಮೊದಲಿಗಿಂತ ಬೇಗ ಬರುತ್ತದೆ, ಜೋರಾಗಿ ಬರುತ್ತದೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2006ರಲ್ಲಿ ವರ್ಷದ ಅಲರ್ಜಿಕಾರಕ ಎಂದು ಆರಿಸಿದ್ದು ಇದನ್ನೇ.

ಹಾಸನದ ನಮ್ಮ ದೊಡ್ಡಪ್ಪನವರಿಗೆ ಆದದ್ದನ್ನು ನೆನೆದರೆ ಈಗಲೂ ನನ್ನ ಎದೆ ಡವಗುಟ್ಟುತ್ತದೆ. ಮೀಸೆಗೂ ತಲೆಗೂ ಒಂದೇ ಡೈಯನ್ನು ವರ್ಷಗಟ್ಟಲೆ ಬಳಸಿದವರು ಅವರು. ಅದರ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಒಂದು ಬೆಳಿಗ್ಗೆ ಏಳುವಾಗ ಎರಡೂ ಕಣ್ಣು ತೆರೆಯಲಾಗದಷ್ಟು ರೆಪ್ಪೆ ಊದಿಕೊಂಡಿತ್ತು, ಮೇಲ್ತುಟಿ ದಪ್ಪಗಾಗಿತ್ತು. ಜೇನು ಕಚ್ಚಿರಬೇಕು ಎಂದರು, ರಾತ್ರಿ ತಿಂದ ಬದನೆಕಾಯಿ ನಂಜಾಗಿದೆ ಎಂದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಡೈ ಯಾವಾಗ ಹಚ್ಚಿದಿರಿ ಎಂಬುದು. ವರ್ಷಗಟ್ಟಲೆ ಒಗ್ಗಿದ್ದು ಒಂದು ದಿನ ಒಗ್ಗದೆ ಹೋಗಬಹುದು. ಹಚ್ಚಿದ್ದು ನೆತ್ತಿಗಾದರೂ ಊತ ಮೊದಲು ಕಾಣುವುದು ಚರ್ಮ ತೆಳುವಾಗಿರುವ ಕಣ್ಣಿನ ರೆಪ್ಪೆಯಲ್ಲಿ. ಉಸಿರಾಟಕ್ಕೆ ತೊಂದರೆಯಾದರೆ, ಗಂಟಲು ಕಟ್ಟಿದಂತಾದರೆ, ಮನೆಮದ್ದು ಹುಡುಕುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ದೊಡ್ಡಪ್ಪ ಗುಣವಾದರು. ಬಿಳಿ ಮೀಸೆಯಲ್ಲಿ ತಮ್ಮ ಮುಖವನ್ನು ತಾವೇ ಗುರುತಿಸಿಕೊಳ್ಳಲು ಅವರಿಗೆ ಬಹಳ ಕಾಲ ಹಿಡಿಯಿತು. ಆ ದಿನಗಳಲ್ಲಿ ಅವರು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದರು.

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಎಚ್ಚರಿಕೆಯ ಮಾತು ಇಲ್ಲದೆ ಇಲ್ಲ. ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಡೈಗಳ ಹೊರಲೇಬಲ್ಲು ಒಳಲೇಬಲ್ಲು ಎರಡರ ಮೇಲೂ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಗಳಲ್ಲೂ ಎಚ್ಚರಿಕೆ ಅಚ್ಚಾಗಿರಬೇಕು. ಕೆಲವರ ಚರ್ಮಕ್ಕೆ ಇದು ಆಗದಿರಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಿ. ಹುಬ್ಬಿಗೆ, ಕಣ್ಣೆವೆಗೆ ಹಚ್ಚಬೇಡಿ, ಕುರುಡಾಗಬಹುದು ಎಂಬುದು ಅದರ ಸಾರ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಚೂರು ಹಚ್ಚಿ 24 ಗಂಟೆ ಕಾಯುವುದು ಆ ಪರೀಕ್ಷೆ. ಅಲರ್ಜಿ ನಿಧಾನವಾಗಿ ತಲೆಯೆತ್ತುವುದರಿಂದ 48 ಗಂಟೆ ಕಾದರೆ ಇನ್ನೂ ಒಳ್ಳೆಯದು. ಅದನ್ನು ಒಮ್ಮೆ ಮಾಡಿದರೆ ಸಾಲದು, ಹಚ್ಚುವ ಪ್ರತಿ ಸಲವೂ ಮಾಡಬೇಕು. ಆದರೆ ನಾಳೆ ಸಮಾರಂಭ ಇಟ್ಟುಕೊಂಡು ಇಂದು ರಾತ್ರಿ ಬಣ್ಣ ಕಲಸುವವರಿಗೆ ಈ 24 ಗಂಟೆಯನ್ನು ಯಾರು ತಂದುಕೊಡಬೇಕು? ಬಣ್ಣ ಕೆಟ್ಟ ಮೇಲಂತೂ ಗಾಬರಿಯಲ್ಲಿ ಪರೀಕ್ಷೆಯ ನೆನಪೇ ಇರುವುದಿಲ್ಲ. ಅದಕ್ಕೇ ನನಗೆ ಕೆಟ್ಟ ಬಣ್ಣಕ್ಕಿಂತ ಅದನ್ನು ಮುಚ್ಚಲು ತರುವ ಎರಡನೇ ಪೊಟ್ಟಣದ ಹೆದರಿಕೆ ಹೆಚ್ಚು. ಮೊದಲನೆಯದು ಕೂದಲನ್ನು ಕೆಡಿಸಿರುತ್ತದೆ, ಅಷ್ಟೇ. ಎರಡನೆಯದು ಆಗಲೇ ನೊಂದಿರುವ ನೆತ್ತಿಯ ಮೇಲೆ ಬೀಳುತ್ತದೆ.

ಹಾಗಾದರೆ ಹಸಿರು ತಲೆ ಹೊತ್ತು ಬೀಗರ ಮುಂದೆ ನಿಲ್ಲಲಾ ಎಂದು ಅಕ್ಕ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಬಂದದ್ದು ಹಿಂದಿನ ಬೀದಿಯಿಂದ. ಅಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಚಿಕ್ಕ ಪಾರ್ಲರ್ ಇಟ್ಟುಕೊಂಡಿರುವ ಹುಡುಗಿ ಅಕ್ಕನ ಹಳೆಯ ವಿದ್ಯಾರ್ಥಿನಿ. ಭಾವ ಹೋಗಿ ಕರೆದ ತಕ್ಷಣ ಅಂಗಡಿಯ ಬಾಗಿಲು ಎಳೆದುಕೊಂಡು ಬಂದಳು. ಬಂದವಳು ಬಾಗಿಲು, ಕಿಟಕಿ ಪೂರ್ತಿ ತೆರೆಸಿ, ಅಕ್ಕನನ್ನು ಬೆಳಕಿನ ಕಡೆಗೆ ಮುಖ ಮಾಡಿ ಕೂರಿಸಿ, ಬಾಚಣಿಗೆಯ ಬಾಲದಿಂದ ಕೂದಲು ಬಿಡಿಸಿ ಬಿಡಿಸಿ ನೋಡಿದಳು. ಎಷ್ಟು ಹೊತ್ತು ಇಟ್ಟುಕೊಂಡಿರಿ, ಯಾವುದರಲ್ಲಿ ಕಲಸಿದಿರಿ, ಇದಕ್ಕೆ ಮುಂಚೆ ಏನೇನು ಹಚ್ಚಿದ್ದಿರಿ ಎಂದು ಕೇಳಿದಳು. ಪುಡಿಗಳ ಪೊಟ್ಟಣ ತರಿಸಿ, ಎರಡು ಎಲೆಗಳ ಹೊರತು ಬೇರೇನಾದರೂ ಬೆರೆತಿದೆಯೇ ಎಂದು ಓದಿ ನೋಡಿದಳು.

"ಮಿಸ್, ಗಾಬರಿ ಆಗ್ಬೇಡಿ. ಬಿಳಿ ಕೂದಲಿನ ಮೇಲೆ ಬರೀ ನೀಲಿ ಬಿದ್ರೆ ಹೀಗೇ ಆಗೋದು. ಕೆಳಗೆ ಕೆಂಪು ಇದ್ದ ಕಡೆ ನೋಡಿ, ಎಷ್ಟು ಚೆನ್ನಾಗಿ ಕಪ್ಪಾಗಿದೆ. ಬುಡಕ್ಕೆ ಆ ಕೆಂಪು ಕೊಟ್ರೆ ಸರಿಹೋಗುತ್ತೆ."

"ಬ್ಲೀಚ್ ಹಾಕಿ ತೆಗೆದುಬಿಡೋಕಾಗಲ್ವಾ?" ಎಂದಳು ಅಕ್ಕನ ಮಗಳು.

"ಬೇಡವೇ ಬೇಡ. ನೀಲಿ ಮೇಲೆ ಬ್ಲೀಚ್ ಹಾಕಿದ್ರೆ ಹಸಿರು ಹೋಗಲ್ಲ, ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಕೂದಲೂ ನಾರಾಗುತ್ತೆ."

ಆ ಮಾತಿನ ಹಿಂದಿರುವ ವಿಜ್ಞಾನ ನನಗೆ ಬಹಳ ಇಷ್ಟ. ನೀಲಿ ಗಿಡದ ಎಲೆಯಲ್ಲಿ ನೀಲಿ ಬಣ್ಣವೇ ಇರುವುದಿಲ್ಲ. ಇಂಡಿಕಾನ್ ಎಂಬ ಬಣ್ಣವಿಲ್ಲದ ಅಂಶ ಇರುತ್ತದೆ. ಪುಡಿಗೆ ನೀರು ತಾಗಿದಾಗ ಅದು ಒಡೆಯುತ್ತದೆ, ಒಡೆದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೆಲ್ಲಗೆ ನೀಲಿಯಾಗುತ್ತದೆ. ತೊಳೆದ ತಕ್ಷಣ ಕಂಡದ್ದು ಕೊನೆಯ ಬಣ್ಣವಲ್ಲ. ಒಂದೆರಡು ದಿನ ಗಾಳಿಗೆ ಆರುತ್ತ ಅದು ಗಾಢವಾಗುತ್ತ ಹೋಗುತ್ತದೆ. ಮಧ್ಯರಾತ್ರಿ ಕನ್ನಡಿಯ ಮುಂದೆ ನಿಂತು ಅಳುವವರಿಗೆ ಇದೊಂದು ವಿಷಯ ಗೊತ್ತಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು! ಮದರಂಗಿಗೆ ಚೂರು ಹುಳಿ ಬೇಕು, ಕೆಲವು ಗಂಟೆಗಳ ನೆನೆತ ಬೇಕು. ನೀಲಿಗೆ ಹುಳಿ ಆಗದು, ಬರೀ ಬೆಚ್ಚನೆಯ ನೀರಿನಲ್ಲಿ ಕಲಸಿ ಸ್ವಲ್ಪ ಹೊತ್ತಿನಲ್ಲೇ ಹಚ್ಚಿಬಿಡಬೇಕು. ರಾತ್ರಿಯಿಡೀ ಇಟ್ಟರೆ ಬಣ್ಣವೆಲ್ಲ ಬಟ್ಟಲಿನಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಎರಡರ ಸ್ವಭಾವವೂ ಬೇರೆ. ನಿಂಬೆರಸ, ಮೊಸರು, ಟೀ ಡಿಕಾಕ್ಷನ್ ಎಂದು ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಕಲಸುವವರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಿಕೊಡಬೇಕು.

ಪಾರ್ಲರಿನ ಹುಡುಗಿ ಅಲ್ಲೇ ಕೂತು ಮದರಂಗಿ ನೆನೆಸಿದಳು. ಮೊದಲು ಕಿವಿಯ ಹಿಂದಿನ ಒಂದು ಸಣ್ಣ ಎಳೆಗೆ ಮಾತ್ರ ಹಚ್ಚಿ, ತೊಳೆದು, ಅದರ ಮೇಲೆ ನೀಲಿ ಹಚ್ಚಿ ನೋಡಿದಳು. ಹಸಿರು ಹೋಗಿ ಕಂದು ಬಂತು. ಅದನ್ನು ಅಕ್ಕನಿಗೆ ಕನ್ನಡಿಯಲ್ಲಿ ತೋರಿಸಿದ ಮೇಲೆಯೇ ಪೂರ್ತಿ ತಲೆಯ ಕೆಲಸಕ್ಕೆ ಕೈಹಾಕಿದ್ದು. ಹಣೆಯಂಚಿಗೂ ಕಿವಿಗೂ ಕೊಬ್ಬರಿ ಎಣ್ಣೆ ಸವರಿದಳು. ರಾತ್ರಿಯ ನೀಲಿ ಕಲೆ ಹಣೆಯ ಮೇಲೆ ಉಳಿದಿತ್ತು; ಅಕ್ಕ ಅದನ್ನು ನಿಂಬೆಹೋಳು, ಉಪ್ಪು ಹಾಕಿ ಉಜ್ಜಿ ಕೆಂಪು ಮಾಡಿಕೊಂಡಿದ್ದಳು. "ಉಜ್ಜಬೇಡಿ ಮಿಸ್, ಎಣ್ಣೆ ಹಚ್ಚಿ ಬಿಡಿ, ಮೇಲಿನ ಚರ್ಮ ತಾನೇ ಉದುರುತ್ತೆ" ಎಂದು ಹತ್ತಿಯಲ್ಲಿ ಎಣ್ಣೆ ಅದ್ದಿ ಮೆಲ್ಲಗೆ ಒರೆಸಿದಳು. ಸೀಮೆಎಣ್ಣೆ, ಪೇಂಟ್ ತೆಗೆಯುವ ಥಿನ್ನರ್ ಹಚ್ಚಿ ಹಣೆ ಸುಟ್ಟುಕೊಂಡು ತನ್ನ ಬಳಿ ಬಂದವರನ್ನೂ ಅವಳು ಕಂಡಿದ್ದಾಳಂತೆ.

ಬೈತಲೆ ತೆಗೆದು, ಬೆರಳಗಲದ ಸಾಲು ಸಾಲಾಗಿ ಕೂದಲು ವಿಂಗಡಿಸಿ, ಬ್ರಷ್ಷಿನಿಂದ ಬುಡಕ್ಕೆ ಮಾತ್ರ ಹಚ್ಚುತ್ತ ಹೋದಳು. ಕೆಳಗಿನ ಕೂದಲಿಗೆ ಒಂದು ಹನಿಯೂ ತಾಗಿಸಲಿಲ್ಲ. ಹಳೆಯ ಬಣ್ಣದ ಮೇಲೆ ಮತ್ತೆ ಮತ್ತೆ ಬಣ್ಣ ಕೂತು ಬುಡ ಒಂದು ಬಗೆ, ತುದಿ ಒಂದು ಬಗೆ ಆಗುವುದು ಮನೆಯಲ್ಲಿ ಹಚ್ಚಿಕೊಳ್ಳುವವರೆಲ್ಲರ ಗೋಳು. ತನ್ನ ತಲೆಗೆ ತಾನೇ ಹಚ್ಚುವಾಗ ಇಷ್ಟು ಚೊಕ್ಕಟವಾಗಿ ಬುಡ ಹಿಡಿಯಲು ಯಾರಿಗೂ ಆಗದು. 1907ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶ್ಯೂಲೆರ್ ಎಂಬ ತರುಣ ರಸಾಯನಶಾಸ್ತ್ರಜ್ಞ ತಾನು ತಯಾರಿಸಿದ ಡೈಯನ್ನು ಮೊದಲು ಮಾರಿದ್ದು ಅಲ್ಲಿಯ ಕೇಶ ವಿನ್ಯಾಸಕಾರರಿಗೆ. ಪಳಗಿದ ಕೈ ಇನ್ನೊಬ್ಬರ ತಲೆಗೆ ಹಚ್ಚಲೆಂದು ಬಂದ ಬಣ್ಣ ಅದು. ಮದರಂಗಿ ಅದಕ್ಕಿಂತ ಎಷ್ಟೋ ಹಳೆಯದು. ನಮ್ಮ ಅಮ್ಮ, ಚಿಕ್ಕಮ್ಮಂದಿರು ಅದನ್ನೂ ಹಿತ್ತಲಿನ ಕಲ್ಲಿನ ಮೇಲೆ ಒಬ್ಬರ ಹಿಂದೊಬ್ಬರು ಕೂತು ಪರಸ್ಪರ ಹಚ್ಚಿಕೊಳ್ಳುತ್ತಿದ್ದರು. ಈ ಕೆಲಸ ಒಂಟಿಯಾಗಿ ಬಚ್ಚಲು ಸೇರಿದ್ದು ಪೊಟ್ಟಣ ಬಂದ ಮೇಲೆ. ಜೊತೆಗೆ ನಾಚಿಕೆಯೂ ಸೇರಿಕೊಂಡಿತು. ಎಡವಟ್ಟುಗಳಲ್ಲಿ ಎಷ್ಟೋ ಪಾಲು ಹುಟ್ಟುವುದು ಈ ಒಂಟಿತನದಿಂದ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಸೂಚನೆ ಓದುತ್ತಾರೆ, ಹಿಂದಲೆ ನೋಡುತ್ತಾರೆ, ಉರಿಯುತ್ತಿದೆ ಎಂದರೆ ಸಾಕು ತೊಳಿ ಎನ್ನುತ್ತಾರೆ.

ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಲೆಕ್ಕದಲ್ಲಿ ಬಹಳ ಹಿಂದಿದ್ದ ಹುಡುಗಿಯಂತೆ ಈ ಪಾರ್ಲರಿನವಳು. ಸಂಜೆ ಹೊತ್ತು ಇದೇ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಅಕ್ಕ ಅವಳಿಗೆ ಬೀಜಗಣಿತ ಹೇಳಿಕೊಟ್ಟಿದ್ದಳು. "ನೀವು ಒಂದೊಂದು ಹೆಜ್ಜೆನೂ ಬರೀಬೇಕು ಅಂತಿದ್ರಿ ಮಿಸ್, ಹಾರಿಸಿದ್ರೆ ಮಾರ್ಕ್ಸ್ ಕೊಡ್ತಿರಲಿಲ್ಲ" ಎಂದಳು ಕೈ ನಿಲ್ಲಿಸದೆ. ಅಕ್ಕ ಬೆಳಗಿನಿಂದ ಮೊದಲ ಸಲ ನಕ್ಕಳು. ದುಡ್ಡು ಕೊಡಲು ಹೋದಾಗ ಹುಡುಗಿ ಒಪ್ಪಲಿಲ್ಲ, ಅಕ್ಕ ಬಿಡಲಿಲ್ಲ. ಅದು ಅವಳ ದುಡಿಮೆ, ಕೊಡದಿದ್ದರೆ ತಪ್ಪು ಎಂದು ಕೈ ಹಿಡಿದು ಕೊಟ್ಟಳು. ನನಗೂ ಅದೇ ಸರಿ ಅನ್ನಿಸಿತು. ಇಂಥ ಕೆಲಸಕ್ಕೆ ಎಷ್ಟು ತಿಳಿವಳಿಕೆ ಬೇಕು ಎಂಬುದನ್ನು ನಮ್ಮಲ್ಲಿ ಬಹಳ ಜನ ಗಮನಿಸುವುದೇ ಇಲ್ಲ.

ಭಾನುವಾರ ಬೆಳಿಗ್ಗೆ ಬುಡದ ಕೂದಲು ಕಡುಕಂದಾಗಿತ್ತು. ಉಳಿದ ಕಪ್ಪಿನ ಜೊತೆ ಪೂರ್ತಿ ಕೂಡಲಿಲ್ಲ. ಬಿಸಿಲಿಗೆ ಬಂದರೆ ವ್ಯತ್ಯಾಸ ಕಾಣುತ್ತಿತ್ತು. ಅಕ್ಕ ಮಲ್ಲಿಗೆ ಮುಡಿದು, ಬೈತಲೆಗೆ ಕುಂಕುಮ ಇಟ್ಟು, ತಟ್ಟೆ ಹಿಡಿದು ಬೀಗರನ್ನು ಎದುರುಗೊಂಡಳು. ಅವಳ ತಲೆಯನ್ನು ಯಾರೂ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಡುಗನ ತಾಯಿ ನೋಡಿದರು. ಊಟವಾದ ಮೇಲೆ ಹತ್ತಿರ ಬಂದು, ತಮಗೂ ಡೈ ಹಚ್ಚಿದರೆ ಈಚೆಗೆ ನೆತ್ತಿ ಉರಿಯುತ್ತದೆ, ಮನೆಯಲ್ಲಿ ಹೇಳಿಕೊಂಡಿಲ್ಲ ಎಂದು ಮೆಲ್ಲಗೆ ಹೇಳಿದರು. ಅಕ್ಕ ತನ್ನದೆಲ್ಲವನ್ನೂ ಮುಚ್ಚಿಡದೆ ಅವರಿಗೆ ಹೇಳಿದಳು. ಉರಿ ಅಂದರೆ ಎಚ್ಚರಿಕೆ, ಮುಂದಿನ ಸಲ ಹಚ್ಚುವ ಮುಂಚೆ ಡಾಕ್ಟರಿಗೆ ತೋರಿಸಿ ಎಂದು ಒತ್ತಿ ಹೇಳಿದಳು. ಇಬ್ಬರೂ ಬಹಳ ಹೊತ್ತು ಕೋಣೆಯಲ್ಲಿ ಕೂತಿದ್ದರು. ಬೀಗಿತ್ತಿಯರಾಗುವ ಇಬ್ಬರು ಮೊದಲ ದಿನವೇ ಅಷ್ಟು ಮನಸ್ಸು ಬಿಚ್ಚಿ ಮಾತಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮದುವೆ ಕಾರ್ತಿಕಕ್ಕೆ ನಿಂತಿತು. ಪಂಚಾಂಗ ಮುಂದಿಟ್ಟುಕೊಂಡು ಚಪ್ಪರದ ದಿನ, ದೇವರ ಸಮಾರಾಧನೆಯ ದಿನ ಗುರುತು ಹಾಕುವಾಗ ಅಕ್ಕ ಅವುಗಳಿಗೂ ಮುಂಚಿನ ಇನ್ನೆರಡು ದಿನಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಒಂದು ಕಿವಿಯ ಹಿಂದಿನ ಎಳೆಗೆ ಹಚ್ಚಿ ನೋಡುವ ದಿನ, ಇನ್ನೊಂದು ಪೂರ್ತಿ ತಲೆಗೆ ಹಚ್ಚುವ ದಿನ. ಪಾರ್ಲರಿನ ಹುಡುಗಿಗೂ ಆಗಲೇ ಹೇಳಿಯಾಗಿತ್ತು. "ಆ ಎರಡನೇ ದಿನ ನೀನೂ ರಜಾ ಹಾಕಿ ಬಂದುಬಿಡೆ," ಎಂದಳು ನನಗೆ. "ಬೀಗಿತ್ತೀನೂ ಬರ್ತೀನಿ ಅಂದಿದ್ದಾರೆ. ಡಾಕ್ಟರು ಮದರಂಗಿ ಹಚ್ಚಬಹುದು ಅಂದ್ರಂತೆ. ಇಬ್ಬರಿಗೂ ಒಟ್ಟಿಗೇ ನೆನೆಸಿಬಿಡೋಣ."